ಡೌನ್ ಸಿಂಡ್ರೋಮ್ ಇರುವ ವಯಸ್ಕರ ಆರೋಗ್ಯ



ಡೌನ್ ಸಿಂಡ್ರೋಮ್ ಎಂಬ ಮಾತನ್ನು ಕೇಳಿದೊಡನೆ ಬಹುಮಂದಿಯ ಕಣ್ಣ ಮುಂದೆ ನಿಲ್ಲುವುದು ಒಂದು ಮಗುವಿನ ಮುಖ. ಆಸ್ಪತ್ರೆಗಳ ಭಿತ್ತಿಪತ್ರಗಳಲ್ಲಿ, ವಿಶೇಷ ಶಾಲೆಗಳ ವಾರ್ಷಿಕ ವರದಿಗಳಲ್ಲಿ ಅಚ್ಚಾಗುವುದೂ ಮಕ್ಕಳ ಚಿತ್ರಗಳೇ. ಆದರೆ ಆ ಮಗು ಬೆಳೆಯುತ್ತದೆ. ಇಪ್ಪತ್ತು ದಾಟುತ್ತದೆ, ನಲವತ್ತು ದಾಟುತ್ತದೆ. ಮುಂದುವರಿದ ದೇಶಗಳಲ್ಲಿ ಇಂದು ಅರುವತ್ತರ ಸಮೀಪಕ್ಕೂ ಬರುತ್ತದೆ. ತಲೆಗೂದಲು ನರೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ತಾಯಿತಂದೆಯರು ತೀರಿಕೊಳ್ಳುತ್ತಾರೆ. ಹೀಗೆ ಬೆಳೆದು ನಿಂತ ವ್ಯಕ್ತಿಯ ದೇಹ ಮತ್ತು ಮನಸ್ಸುಗಳ ವಿಚಾರದಲ್ಲಿ ವೈದ್ಯಕೀಯ ಸಂಶೋಧನೆ ಏನನ್ನು ಕಂಡುಕೊಂಡಿದೆ, ಅದರಿಂದ ಮನೆಯವರು ತಿಳಿಯಬೇಕಾದುದೇನು ಎಂಬುದು ಇಂದಿನ ವಿಷಯ.

ಮೊದಲಿಗೆ ಈ ಸ್ಥಿತಿಯ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಮನುಷ್ಯನ ಪ್ರತಿಯೊಂದು ಜೀವಕೋಶದಲ್ಲಿಯೂ 23 ಜೋಡಿ, ಅಂದರೆ 46 ವರ್ಣತಂತುಗಳಿರುತ್ತವೆ. 21ನೆಯ ವರ್ಣತಂತು ಎರಡರ ಬದಲು ಮೂರು ಇದ್ದಾಗ ಉಂಟಾಗುವ ಸ್ಥಿತಿಯೇ ಡೌನ್ ಸಿಂಡ್ರೋಮ್. ಇಂಗ್ಲೆಂಡಿನ ಅರ್ಲ್ಸ್‌ವುಡ್ ಆಶ್ರಮದಲ್ಲಿ ವೈದ್ಯರಾಗಿದ್ದ ಜಾನ್ ಲ್ಯಾಂಗ್ಡನ್ ಡೌನ್ ಅವರು 1866ರಲ್ಲಿ ಇದರ ಲಕ್ಷಣಗಳನ್ನು ಬರೆದಿಟ್ಟರು. ಕಾರಣ ಅವರಿಗೆ ತಿಳಿಯಲಿಲ್ಲ. ಮುಖಚರ್ಯೆಯನ್ನು ನೋಡಿ ಅವರು ಕೊಟ್ಟ ಜನಾಂಗೀಯ ಹೆಸರು ಶಾಸ್ತ್ರದ ದೃಷ್ಟಿಯಿಂದ ತಪ್ಪು, ಒಂದು ದೇಶದ ಜನತೆಗೆ ಅವಮಾನಕರವೂ ಹೌದು. ಮಂಗೋಲಿಯ ದೇಶದ ಪ್ರತಿನಿಧಿಗಳ ಕೋರಿಕೆಯ ಮೇರೆಗೆ 1965ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ಹೆಸರನ್ನು ಕೈಬಿಟ್ಟಿತು. ನಿಜವಾದ ಕಾರಣವನ್ನು 1959ರಲ್ಲಿ ಪ್ರಕಟಿಸಿದವರು ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ಥ್ ಗೋತಿಯೆ ಮತ್ತು ರೇಮೋ ತ್ಯುರ್ಪೆ ಎಂಬ ಮೂವರು. ಗ್ರಹಣಕಾಲದಲ್ಲಿ ಗರ್ಭಿಣಿ ಹೊರಗೆ ಬಂದುದಾಗಲಿ, ತಿನ್ನಬಾರದುದನ್ನು ತಿಂದುದಾಗಲಿ, ಯಾರದೋ ಪಾಪವಾಗಲಿ ಇದಕ್ಕೆ ಕಾರಣವಲ್ಲ. ಈ ಮಾತನ್ನು ಇನ್ನೂ ಹೇಳಬೇಕಾಗಿರುವುದು ವಿಷಾದದ ಸಂಗತಿ.

1929ರ ಸುಮಾರಿಗೆ ಈ ಸ್ಥಿತಿಯಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು 9 ವರ್ಷ ಎಂದು ಅಂದಾಜು ಮಾಡಲಾಗಿತ್ತು. 1949ರ ಅಂದಾಜು 12 ವರ್ಷ. ಅಮೆರಿಕದಲ್ಲಿ ಮರಣಕಾಲದ ಮಧ್ಯಮ ವಯಸ್ಸು 1983ರಲ್ಲಿ 25 ಇದ್ದುದು 1997ರ ವೇಳೆಗೆ 49ಕ್ಕೆ ಏರಿತು. ಹದಿನಾಲ್ಕು ವರ್ಷಗಳ ಅವಧಿಯಲ್ಲಿ ಆಯುಸ್ಸು ಬಹುಮಟ್ಟಿಗೆ ಇಮ್ಮಡಿಯಾಯಿತು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಇಂತಹ ಉದಾಹರಣೆಗಳು ವಿರಳ. ಯಾವುದೋ ಹೊಸ ಔಷಧಿ ಬಂದುದರಿಂದ ಹೀಗಾಯಿತೆಂದು ತಿಳಿಯಬಾರದು. ಈ ಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿರುತ್ತದೆ. ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವಣ ಗೋಡೆ ಪೂರ್ಣವಾಗಿ ಕೂಡಿಕೊಂಡಿರುವುದಿಲ್ಲ. ಇದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆ ಗೊತ್ತಿದ್ದ ಕಾಲದಲ್ಲಿಯೂ, ಬುದ್ಧಿ ಬೆಳೆಯದ ಮಗುವಿಗೆ ಇಷ್ಟು ದೊಡ್ಡ ಶಸ್ತ್ರಚಿಕಿತ್ಸೆ ಏತಕ್ಕೆ ಎಂದು ಕೇಳಿದ ವೈದ್ಯರಿದ್ದರು. ಆ ಪ್ರಶ್ನೆಯನ್ನು ಕೇಳುವುದು ನಿಂತ ಮೇಲೆ ಆಯುಸ್ಸು ಬೆಳೆಯಿತು. ದೊಡ್ಡ ಆಶ್ರಮಗಳಲ್ಲಿ ಕೂಡಿಹಾಕುವ ಪದ್ಧತಿ ಹೋಗಿ ಮಕ್ಕಳು ಮನೆಗಳಲ್ಲಿ ಬೆಳೆಯತೊಡಗಿದುದೂ, ಶ್ವಾಸಕೋಶದ ಸೋಂಕುಗಳಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆತುದೂ ಇದಕ್ಕೆ ನೆರವಾದುವು.

ಹೀಗೆ ಒಂದೇ ತಲೆಮಾರಿನಲ್ಲಿ ಒಂದು ಹೊಸ ವಯೋವರ್ಗವೇ ಹುಟ್ಟಿಕೊಂಡಿತು. ಆದರೆ ವೈದ್ಯಶಾಸ್ತ್ರ ಇವರನ್ನು ನಿರೀಕ್ಷಿಸಿರಲಿಲ್ಲ. ಈ ಸ್ಥಿತಿಯ ಕುರಿತ ಜ್ಞಾನವೆಲ್ಲ ಶಿಶುವೈದ್ಯರ ಬಳಿ ಇದ್ದಿತು. ವಯಸ್ಕರನ್ನು ನೋಡುವ ವೈದ್ಯರು ಇವರನ್ನು ಕಂಡೇ ಇರಲಿಲ್ಲ. ಡೌನ್ ಸಿಂಡ್ರೋಮ್ ಇರುವ ವಯಸ್ಕರ ಆರೈಕೆಗಾಗಿ ಪ್ರಮಾಣಗಳನ್ನು ಆಧರಿಸಿದ ಮಾರ್ಗಸೂಚಿಯೊಂದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದುದು 2020ರಲ್ಲಿ. ಅದನ್ನು ಸಿದ್ಧಪಡಿಸಿದ ತಜ್ಞರು 11,295 ಲೇಖನಗಳ ಉಲ್ಲೇಖಗಳನ್ನು ಜಾಲಾಡಿದರು. ಮತ್ತೊಮ್ಮೆ ಹುಡುಕಿದಾಗ ದೊರೆತವನ್ನೂ ಸೇರಿಸಿ, ಕೊನೆಗೆ ಆಧಾರವಾಗಿ ಬಳಸಲು ಯೋಗ್ಯವೆನಿಸಿದವು 22 ಅಧ್ಯಯನಗಳು ಮಾತ್ರ. ಅವುಗಳಿಂದ 14 ಶಿಫಾರಸುಗಳನ್ನು ರೂಪಿಸಲಾಯಿತು. ಆ ಪೈಕಿ ‘ದೃಢ’ ಎಂದು ಕರೆಯಲು ಸಾಧ್ಯವಾದುದು ಒಂದೇ ಒಂದು. ಆ ಒಂದು ಯಾವುದೆಂಬುದನ್ನು ಮುಂದೆ ಹೇಳಲಾಗುವುದು. ಮನೆಯವರು ಕೇಳುವ ಅನೇಕ ಪ್ರಶ್ನೆಗಳಿಗೆ ವೈದ್ಯರು ತಡವರಿಸಿದರೆ ಅದು ಅವರ ಅಸಡ್ಡೆಯೇ ಆಗಿರಬೇಕೆಂದಿಲ್ಲ. ಉತ್ತರವನ್ನು ಹುಡುಕುವ ಕೆಲಸವೇ ತಡವಾಗಿ ಆರಂಭವಾಗಿದೆ.

ಇನ್ನು ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮೂವತ್ತನಾಲ್ಕು ವರ್ಷದ ಮಗಳು. ಬೆಳಿಗ್ಗೆ ತಾನಾಗಿ ಎದ್ದು ಸ್ನಾನ ಮಾಡಿ, ದೇವರಿಗೆ ಹೂವು ಏರಿಸಿ, ತರಕಾರಿ ಹೆಚ್ಚಿಕೊಟ್ಟು, ಮಧ್ಯಾಹ್ನ ದೂರದರ್ಶನದ ಮುಂದೆ ಕುಳಿತು ನಗುತ್ತಿದ್ದವಳು. ಕಳೆದ ಆರು ತಿಂಗಳಿನಿಂದ ಏಳುವುದು ತಡ, ಮಾತು ಕಡಿಮೆ, ಮೈ ದಪ್ಪವಾಗಿದೆ, ಹೂವನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಲ್ಲುತ್ತಾಳೆ. ನೆಂಟರು ಹೇಳುವುದು, ‘ಅವಳು ಇರುವುದೇ ಹಾಗೆ’ ಎಂದು. ವೈದ್ಯರಲ್ಲಿಗೆ ಕರೆದೊಯ್ದರೆ ಅಲ್ಲಿಯೂ ಬಹಳ ಸಲ ಅದೇ ಉತ್ತರ, ಸ್ವಲ್ಪ ಶಾಸ್ತ್ರೀಯವಾದ ಮಾತುಗಳಲ್ಲಿ. ಮೊದಲೇ ಗೊತ್ತಿರುವ ಒಂದು ಸ್ಥಿತಿಯ ನೆರಳಿನಲ್ಲಿ ಹೊಸ ಕಾಯಿಲೆ ಮರೆಯಾಗಿಬಿಡುವ ಈ ಪ್ರಮಾದವನ್ನು ಸಂಶೋಧಕರು ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ. ಮೇಲೆ ಹೇಳಿದ ಲಕ್ಷಣಗಳು ಥೈರಾಯಿಡ್ ಗ್ರಂಥಿಯ ಸ್ರಾವ ಕುಂಠಿತವಾದಾಗ ಯಾರಲ್ಲಿಯೇ ಆದರೂ ಕಾಣಿಸಿಕೊಳ್ಳುವ ಲಕ್ಷಣಗಳು. ಡೌನ್ ಸಿಂಡ್ರೋಮ್ ಇರುವವರಲ್ಲಿ ಈ ತೊಂದರೆ ಇತರರಿಗಿಂತ ಬಹಳ ಹೆಚ್ಚು. ದೇಹದ ರಕ್ಷಣಾ ವ್ಯವಸ್ಥೆಯೇ ಆ ಗ್ರಂಥಿಯ ಮೇಲೆ ತಿರುಗಿ ಬೀಳುವುದು ಇದಕ್ಕೆ ಮುಖ್ಯ ಕಾರಣ. ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ದಿನಕ್ಕೊಂದು ಅಗ್ಗದ ಮಾತ್ರೆಯಿಂದ ಸರಿಹೋಗುತ್ತದೆ. 21ನೆಯ ವಯಸ್ಸಿನಿಂದ ಒಂದೆರಡು ವರ್ಷಗಳಿಗೊಮ್ಮೆ ಈ ಪರೀಕ್ಷೆಯನ್ನು ಮಾಡಿಸುವುದು ಯುಕ್ತವೆಂದು 2020ರ ಮಾರ್ಗಸೂಚಿಯೂ ತಿಳಿಸುತ್ತದೆ.

ಥೈರಾಯಿಡ್ ಸರಿಯಾಗಿದ್ದರೆ ಹುಡುಕಾಟವನ್ನು ನಿಲ್ಲಿಸಬಾರದು. ರಾತ್ರಿ ಗೊರಕೆಯ ನಡುವೆ ಉಸಿರು ಕೆಲವು ಕ್ಷಣ ನಿಂತು ಮತ್ತೆ ಆರಂಭವಾಗುವ ತೊಂದರೆ ಈ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇರುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ಕಿರಿದಾದ ಗಂಟಲು, ಸಡಿಲವಾದ ಸ್ನಾಯುಗಳು, ಬಾಯಿಗೆ ದೊಡ್ಡದೆನಿಸುವ ನಾಲಿಗೆ ಇದಕ್ಕೆ ಕಾರಣ. ಹಾಗೆ ರಾತ್ರಿಯಿಡೀ ಎಚ್ಚರ ನಿದ್ರೆಗಳ ನಡುವೆ ಹೊಯ್ದಾಡಿದವನು ಹಗಲಿನಲ್ಲಿ ಮಂಕಾಗಿರುವುದು ಸಹಜ. ಕುಳಿತೇ ಮಲಗುವವರು, ಮೊಣಕಾಲಿನ ಮೇಲೆ ತಲೆಯಿಟ್ಟು ನಿದ್ರಿಸುವವರು ಕೂಡ ಈ ಗುಂಪಿನಲ್ಲಿದ್ದಾರೆ. ಮನೆಯವರು ಅದನ್ನು ವಿಚಿತ್ರ ಅಭ್ಯಾಸವೆಂದು ತಿಳಿದಿರುತ್ತಾರೆ. ಕಿವಿಯ ಗುಗ್ಗೆಯಂತಹ ಅಲ್ಪ ಕಾರಣವನ್ನೂ ಮರೆಯಬಾರದು. ಇವರ ಕಿವಿಯ ನಾಳ ಕಿರಿದಾಗಿರುವುದರಿಂದ ಗುಗ್ಗೆ ಬೇಗ ಕಟ್ಟುತ್ತದೆ. ಕರೆದರೆ ಓಗೊಡದವನಿಗೆ ಮರೆವು ಬಂದಿದೆಯೆಂದು ತೀರ್ಮಾನಿಸುವ ಮುನ್ನ ಕಿವಿಯನ್ನು ತೋರಿಸುವುದು ಒಳಿತು. ಶ್ರವಣಶಕ್ತಿ ಇತರರಿಗಿಂತ ಬೇಗ ಕುಗ್ಗುವುದೂ ಉಂಟು. ಕಣ್ಣಿನ ಪೊರೆ ಕೂಡ ಹಾಗೆಯೇ, ಹತ್ತಾರು ವರ್ಷ ಮುಂಚಿತವಾಗಿ ಬರಬಹುದು. ಮೆಟ್ಟಿಲಿನ ಮುಂದೆ ನಿಂತು ಅಂಜುವವನು ಬಹುಶಃ ಮೆಟ್ಟಿಲನ್ನು ಕಾಣುತ್ತಿಲ್ಲ.

ಗೋಧಿಯಲ್ಲಿನ ಒಂದು ಅಂಶ ಒಗ್ಗದಿರುವ ಸೀಲಿಯಾಕ್ ಕಾಯಿಲೆ, ಸಕ್ಕರೆ ಕಾಯಿಲೆ, ಸ್ಥೂಲಕಾಯ, ಮೂಳೆ ಸವೆತ ಇವೆಲ್ಲ ವೈದ್ಯರು ಆಗಾಗ ಪರಿಶೀಲಿಸಬೇಕಾದ ವಿಷಯಗಳು. ಸ್ತ್ರೀಯರಲ್ಲಿ ಮುಟ್ಟು ನಿಲ್ಲುವುದು ಕೆಲವು ವರ್ಷ ಮುಂಚೆಯೇ. ಕತ್ತಿನ ಮೇಲ್ಭಾಗದ ಎರಡು ಕಶೇರುಕಗಳ ನಡುವಣ ಬಂಧ ಸಡಿಲವಾಗಿರುವುದು ಇನ್ನೊಂದು ಅಪಾಯ. ನಡಿಗೆ ಕೆಟ್ಟರೆ, ಕೈಗಳ ಶಕ್ತಿ ಕುಂದಿದರೆ, ಹೊಸದಾಗಿ ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ತಜ್ಞರನ್ನು ಕಾಣಬೇಕು. ಅದು ಮಿದುಳುಬಳ್ಳಿಯ ಮೇಲೆ ಬಿದ್ದ ಒತ್ತಡವಾಗಿರಬಹುದು. ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಕೆಲವರು ಕೆಲವೇ ವಾರಗಳಲ್ಲಿ ಮಾತು, ಊಟ, ನಿದ್ರೆ ಎಲ್ಲವನ್ನೂ ಕಳೆದುಕೊಂಡಂತಾಗುವ ವಿಲಕ್ಷಣ ಹಿಂಜರಿತವೊಂದನ್ನು ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕವಾಗಿ ಗುರುತಿಸಲಾಗಿದೆ. ದೇಹದ ರಕ್ಷಣಾ ವ್ಯವಸ್ಥೆಯ ಏರುಪೇರು ಕೆಲವರಲ್ಲಿ ಇದಕ್ಕೆ ಕಾರಣವಿರಬಹುದೆಂಬ ದಿಕ್ಕಿನಲ್ಲಿ ಸಂಶೋಧನೆ ಸಾಗಿದೆ.

ದುಃಖವೂ ಒಂದು ಕಾರಣವೇ. ತಂದೆ ತೀರಿಕೊಂಡಾಗ ‘ಅವನಿಗೆ ಅರ್ಥವಾಗುವುದಿಲ್ಲ’ ಎಂದು ಮಗನನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಬಳಿಕ ‘ಊರಿಗೆ ಹೋಗಿದ್ದಾರೆ’ ಎಂದು ಹೇಳುವ ಮನೆಗಳು ಎಷ್ಟೋ ಇವೆ. ತಿಂಗಳುಗಟ್ಟಲೆ ಬಾಗಿಲ ಕಡೆ ನೋಡಿ ನೋಡಿ ಅವನು ಅನ್ನ ಬಿಡುತ್ತಾನೆ, ಮಾತು ಬಿಡುತ್ತಾನೆ. ಅದು ಮಿದುಳಿನ ಕಾಯಿಲೆಯಲ್ಲ, ಶೋಕ. ಖಿನ್ನತೆಗೆ ಚಿಕಿತ್ಸೆಯಿದೆ; ಅದಕ್ಕಿಂತ ಮೊದಲು ಸತ್ಯವನ್ನು ಸರಳವಾದ ಮಾತಿನಲ್ಲಿ ಹೇಳುವ ಧೈರ್ಯ ಬೇಕು.

ಎಲ್ಲವೂ ಪ್ರತಿಕೂಲವೆಂದು ತಿಳಿಯಬೇಕಾಗಿಲ್ಲ. ಬಾಲ್ಯದಲ್ಲಿ ರಕ್ತದ ಕ್ಯಾನ್ಸರ್ ಇವರಿಗೆ ಹೆಚ್ಚಾದರೂ, ಪ್ರಾಯದಲ್ಲಿ ಗಡ್ಡೆಯ ರೂಪದ ಬಹುತೇಕ ಕ್ಯಾನ್ಸರ್‌ಗಳು, ವಿಶೇಷವಾಗಿ ಸ್ತನ ಕ್ಯಾನ್ಸರ್, ಇತರರಿಗಿಂತ ಗಣನೀಯವಾಗಿ ಕಡಿಮೆ. ರಕ್ತದ ಒತ್ತಡ ಸಾಮಾನ್ಯವಾಗಿ ಕೆಳಮಟ್ಟದಲ್ಲಿರುತ್ತದೆ. ರಕ್ತನಾಳಗಳ ಒಳಗೆ ಕೊಬ್ಬು ಗಟ್ಟಿಯಾಗುವುದು ಇವರಲ್ಲಿ ವಿರಳವೆಂಬುದನ್ನು ಬ್ರಿಟನ್ನಿನ ಸಂಶೋಧಕರು 1977ರಷ್ಟು ಹಿಂದೆಯೇ ಗಮನಿಸಿದ್ದರು. 21ನೆಯ ವರ್ಣತಂತುವಿನ ಕೆಲವು ಜೀನ್‌ಗಳು ಗಡ್ಡೆಗಳಿಗೆ ಆಹಾರ ಒಯ್ಯುವ ಹೊಸ ರಕ್ತನಾಳಗಳ ಬೆಳವಣಿಗೆಯನ್ನು ತಡೆಯುತ್ತವೆಂಬ ಊಹೆಯಿದೆ. ಒಬ್ಬರಿಗೆ ಕೊರತೆಯೆಂದು ಎಣಿಸಿದ ದೇಹರಚನೆಯಿಂದ ಎಲ್ಲರಿಗೂ ಉಪಯುಕ್ತವಾದ ಮದ್ದಿನ ಸುಳಿವು ದೊರೆತರೆ ಆಶ್ಚರ್ಯವಿಲ್ಲ.

ಅಂತಹ ಸುಳಿವು ಒಂದು ಈಗಾಗಲೇ ದೊರೆತಿದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಅಕಾಲ ವೃದ್ಧಾಪ್ಯ ಕಾಣುವುದನ್ನು ಹತ್ತೊಂಬತ್ತನೆಯ ಶತಮಾನದ ವೈದ್ಯರೇ ಬರೆದಿದ್ದರು. 1948ರಲ್ಲಿ ಜಾರ್ಜ್ ಜರ್ವಿಸ್ ಎಂಬ ಅಮೆರಿಕದ ವೈದ್ಯರು ಅಂತಹವರ ಮಿದುಳಿನಲ್ಲಿ ಅಲ್‌ಜೈಮರ್ ಕಾಯಿಲೆಯ ಗುರುತುಗಳನ್ನು ವಿವರಿಸಿದರು. 1984ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಜಾರ್ಜ್ ಗ್ಲೆನ್ನರ್ ಮತ್ತು ಕೇನ್ ವಾಂಗ್ ಅವರು ಅಲ್‌ಜೈಮರ್ ರೋಗಿಗಳ ಮಿದುಳಿನಿಂದ ಅಮಿಲಾಯ್ಡ್ ಎಂಬ ಪ್ರೋಟೀನಿನ ಅಂಶವನ್ನು ಬೇರ್ಪಡಿಸಿದರು. ಬಳಿಕ ಡೌನ್ ಸಿಂಡ್ರೋಮ್ ಇದ್ದವರ ಮಿದುಳಿನಲ್ಲಿಯೂ ಅದೇ ಅಂಶ ದೊರೆಯಿತು. ಹಾಗಿದ್ದರೆ ಆ ಪ್ರೋಟೀನಿಗೆ ಮೂಲವಾದ ಜೀನ್ 21ನೆಯ ವರ್ಣತಂತುವಿನಲ್ಲಿಯೇ ಇರಬೇಕೆಂದು ಅವರು ತರ್ಕಿಸಿದರು. 1987ರಲ್ಲಿ ಅದು ಅಲ್ಲಿಯೇ ಇರುವುದು ಸಿದ್ಧವಾಯಿತು. ಅಲ್‌ಜೈಮರ್ ಕಾಯಿಲೆಯ ಕುರಿತ ಇಂದಿನ ಸಂಶೋಧನೆಯ ದೊಡ್ಡ ಭಾಗ ಈ ಒಂದು ತರ್ಕದ ಮೇಲೆ ಕಟ್ಟಲ್ಪಟ್ಟಿದೆ.

ಜೀನ್ ಮೂರು ಪ್ರತಿ ಇದ್ದರೆ ಜೀವಮಾನವೆಲ್ಲ ಅಮಿಲಾಯ್ಡ್ ಹೆಚ್ಚಾಗಿ ಉತ್ಪತ್ತಿಯಾಗುತ್ತದೆ. 40 ವರ್ಷದ ವೇಳೆಗೆ ಡೌನ್ ಸಿಂಡ್ರೋಮ್ ಇರುವ ಬಹುತೇಕ ಎಲ್ಲರ ಮಿದುಳಿನಲ್ಲಿಯೂ ಅದರ ಗಸಿ ಕೂಡಿರುತ್ತದೆ. ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂದ ಸಾಕ್ಷ್ಯವೊಂದು ಬಹಳ ಸ್ವಾರಸ್ಯವಾದುದು. 1998ರಲ್ಲಿ ಇಂಗ್ಲೆಂಡಿನ ಸಂಶೋಧಕರು ಡೌನ್ ಸಿಂಡ್ರೋಮ್ ಇದ್ದ 78 ವರ್ಷದ ಮಹಿಳೆಯೊಬ್ಬರ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ 21ನೆಯ ವರ್ಣತಂತುವಿನ ಒಂದು ತುಣುಕು ಮಾತ್ರ ಹೆಚ್ಚಾಗಿತ್ತು. ಅಮಿಲಾಯ್ಡಿನ ಜೀನ್ ಆ ತುಣುಕಿನ ಹೊರಗೆ ಉಳಿದಿತ್ತು. ಅವರಿಗೆ ಮರೆವಿನ ಕಾಯಿಲೆ ಬರಲೇ ಇಲ್ಲ. ಮರಣಾನಂತರ ಪರೀಕ್ಷಿಸಿದ ಮಿದುಳಿನಲ್ಲಿಯೂ ಅದರ ಗುರುತು ಇರಲಿಲ್ಲ. ಹೆಸರು ತಿಳಿಯದ ಆ ವೃದ್ಧೆ ಒಂದು ಸಿದ್ಧಾಂತಕ್ಕೆ ಕೊಟ್ಟ ಬೆಂಬಲ ನೂರು ಪ್ರಯೋಗಗಳಿಗೆ ಸಮಾನ.

ಬಾರ್ಸಿಲೋನ ಮತ್ತು ಕೇಂಬ್ರಿಜ್‌ಗಳ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕಾಯಿಲೆಯ ಆರಂಭಿಕ ಚಿಹ್ನೆಗಳು ಸರಾಸರಿ 50ರ ಸುಮಾರಿಗೆ, ಪೂರ್ಣರೂಪದ ಮರೆವು 54ರ ಸುಮಾರಿಗೆ ಗುರುತಿಸಲ್ಪಡುತ್ತವೆ. ದೇಹದೊಳಗಿನ ಬದಲಾವಣೆಗಳು ಅದಕ್ಕೆ ಎರಡು ದಶಕ ಮುಂಚೆಯೇ ಆರಂಭವಾಗಿರುತ್ತವೆ. ದೀರ್ಘಕಾಲ ಬದುಕುವವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆ ಬರುತ್ತದೆ. ಕೇಳಲು ಕಠಿಣವಾದ ಮಾತಾದರೂ ಮನೆಯವರಿಂದ ಮುಚ್ಚಿಡುವುದು ಸರಿಯಲ್ಲ. ಮಾರ್ಗಸೂಚಿಯ ಆ ಒಂದೇ ದೃಢ ಶಿಫಾರಸು ಇದೇ: 40ನೆಯ ವಯಸ್ಸಿನಿಂದ ಮರೆವಿನ ಕಾಯಿಲೆಗಾಗಿ ತಪಾಸಣೆ. ಅದರ ಇನ್ನೊಂದು ಮುಖವೂ ಅಷ್ಟೇ ಮುಖ್ಯ. 40ಕ್ಕಿಂತ ಮುಂಚೆ ಯಾರಾದರೂ ಇದು ಅಲ್‌ಜೈಮರ್ ಎಂದು ಹೇಳಿದರೆ ಬಹಳ ಎಚ್ಚರದಿಂದ ಸ್ವೀಕರಿಸಬೇಕು, ಬೇರೆ ಕಾರಣಗಳನ್ನು ಮೊದಲು ಹುಡುಕಬೇಕು. ಮೇಲೆ ಊಹಿಸಿಕೊಂಡ ಮಗಳ ವಯಸ್ಸು ಮೂವತ್ತನಾಲ್ಕು.

ಈ ಕಾಯಿಲೆ ಇವರಲ್ಲಿ ಯಾವಾಗಲೂ ಮರೆವಿನಿಂದಲೇ ಆರಂಭವಾಗುವುದಿಲ್ಲ. ಹಟ, ಆಲಸ್ಯ, ಇಷ್ಟದ ಕೆಲಸದಲ್ಲಿ ನಿರಾಸಕ್ತಿ ಮೊದಲು ಕಾಣಬಹುದು. ಹಿಂದೆಂದೂ ಇಲ್ಲದ ಸೆಳವು ನಲವತ್ತರ ನಂತರ ಕಾಣಿಸಿಕೊಂಡರೆ ಅದೂ ಒಂದು ಸೂಚನೆ. ಮುಂದಿನ ಹಂತದಲ್ಲಿ ನುಂಗುವುದು ಕಷ್ಟವಾಗಿ ಆಹಾರದ ಕಣ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುವುದುಂಟು.

ವಿಜ್ಞಾನಕ್ಕೆ ಇಷ್ಟನ್ನು ಕೊಟ್ಟವರಿಗೆ ವಿಜ್ಞಾನ ಮರಳಿ ಕೊಟ್ಟುದು ಏನು? ಉತ್ತರ ಹೆಮ್ಮೆಪಡುವಂತಹುದಲ್ಲ. ಮೆಮಾಂಟಿನ್ ಎಂಬ ಔಷಧಿಯನ್ನು 40 ದಾಟಿದ ಇಂತಹ ವಯಸ್ಕರಿಗೆ ಒಂದು ವರ್ಷ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2012ರಲ್ಲಿ ಬಂದಿತು; ಪ್ರಯೋಜನ ಕಾಣಲಿಲ್ಲ. ಇತರ ಅಲ್‌ಜೈಮರ್ ರೋಗಿಗಳಿಗೆ ಕೊಡುವ ಔಷಧಿ ಇವರಿಗೂ ಹಾಗೆಯೇ ಹೊಂದುತ್ತದೆಂದು ಭಾವಿಸಬಾರದೆಂಬುದನ್ನು ಅದು ತೋರಿಸಿತು. ಅಮಿಲಾಯ್ಡನ್ನು ತೊಡೆಯುವ ಲೆಕಾನೆಮ್ಯಾಬ್ ಅಮೆರಿಕದಲ್ಲಿ 2023ರಲ್ಲಿ, ಡೊನಾನೆಮ್ಯಾಬ್ 2024ರಲ್ಲಿ ಪೂರ್ಣ ಅನುಮೋದನೆ ಪಡೆದವು. ಆ ಅನುಮೋದನೆಗಳಿಗೆ ಆಧಾರವಾದ ದೊಡ್ಡ ಪ್ರಯೋಗಗಳಲ್ಲಿ ಡೌನ್ ಸಿಂಡ್ರೋಮ್ ಇರುವವರನ್ನು ಸೇರಿಸಿಕೊಂಡಿರಲಿಲ್ಲ. ಇವರ ಮಿದುಳಿನ ರಕ್ತನಾಳಗಳಲ್ಲಿಯೂ ಅಮಿಲಾಯ್ಡ್ ಕೂಡುವುದರಿಂದ ಇಂತಹ ಮದ್ದುಗಳಿಂದ ರಕ್ತಸ್ರಾವದ ಭಯ ಹೆಚ್ಚು. ಆದುದರಿಂದಲೇ ಪ್ರತ್ಯೇಕ ಪ್ರಯೋಗ ಅವಶ್ಯಕ. ಲಸಿಕೆಯೊಂದರ ಸುರಕ್ಷತೆಯ ಬಗ್ಗೆ ಇವರಲ್ಲಿಯೇ ನಡೆಸಿದ ಪ್ರಾಥಮಿಕ ಪ್ರಯೋಗದ ವರದಿ 2022ರಲ್ಲಿ ಪ್ರಕಟವಾಗಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2018ರಲ್ಲಿ ಡೌನ್ ಸಿಂಡ್ರೋಮ್ ಸಂಶೋಧನೆಗೆಂದು ವಿಶೇಷ ಯೋಜನೆಯನ್ನು ಆರಂಭಿಸಿವೆ. ಪ್ರಯೋಗಗಳಿಂದ ಹೊರಗಿಡುವುದು ಎಷ್ಟು ಅಪಾಯಕರ ಎಂಬುದನ್ನು ಕೋವಿಡ್ ಕಾಲ ತೋರಿಸಿತು. ಬ್ರಿಟನ್ನಿನ 80 ಲಕ್ಷಕ್ಕೂ ಹೆಚ್ಚು ವಯಸ್ಕರ ದಾಖಲೆಗಳನ್ನು ಪರಿಶೀಲಿಸಿದ 2020ರ ಅಧ್ಯಯನದಲ್ಲಿ ಡೌನ್ ಸಿಂಡ್ರೋಮ್ ಇರುವವರಿಗೆ ಕೋವಿಡ್‌ನಿಂದ ಸಾವಿನ ಅಪಾಯ ಇತರರಿಗಿಂತ ಸುಮಾರು 10 ಪಟ್ಟು ಎಂದು ಕಂಡುಬಂದಿತು. ಅಲ್ಲಿಯವರೆಗೆ ಅತಿ ಅಪಾಯದಲ್ಲಿರುವವರ ಸರ್ಕಾರಿ ಪಟ್ಟಿಯಲ್ಲಿ ಇವರ ಹೆಸರೇ ಇರಲಿಲ್ಲ.

ನಮ್ಮ ದೇಶದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಬೌದ್ಧಿಕ ವಿಕಲತೆಯನ್ನು ಒಳಗೊಂಡಿದೆ. 1999ರ ಕಾಯಿದೆಯ ಮೇರೆಗೆ ರಚಿತವಾದ ನ್ಯಾಷನಲ್ ಟ್ರಸ್ಟ್ ‘ನಿರಾಮಯ’ ಎಂಬ ಆರೋಗ್ಯ ವಿಮೆಯ ಮೂಲಕ 1 ಲಕ್ಷ ರೂಪಾಯಿಗಳವರೆಗೆ ನೆರವು ಒದಗಿಸುತ್ತದೆ. 18 ವರ್ಷ ದಾಟಿದವರಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುವುದು ಅದರ ಸ್ಥಳೀಯ ಸಮಿತಿಯ ಕೆಲಸ. ಸಿಕಂದರಾಬಾದಿನಲ್ಲಿ 1984ರಿಂದ ಬೌದ್ಧಿಕ ವಿಕಲತೆಗೆ ಮೀಸಲಾದ ರಾಷ್ಟ್ರೀಯ ಸಂಸ್ಥೆಯಿದೆ. ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿ ಬಹುವಿಕಲತೆಯ ರಾಷ್ಟ್ರೀಯ ಸಂಸ್ಥೆ, ಮುಂಬಯಿಯ ಬಾಂದ್ರಾದಲ್ಲಿ ವಾಕ್ ಮತ್ತು ಶ್ರವಣದ ರಾಷ್ಟ್ರೀಯ ಸಂಸ್ಥೆ ಇವೆ. ಕೊರತೆಯಿರುವುದು ಬೇರೊಂದು ಕಡೆ. ಹದಿನೆಂಟು ತುಂಬಿದ ದಿನ ಶಿಶುವೈದ್ಯರು ಕೈಬಿಡುತ್ತಾರೆ. ಮುಂದೆ ಯಾರ ಬಳಿಗೆ ಹೋಗಬೇಕೆಂಬುದು ಮನೆಯವರಿಗೆ ತಿಳಿಯುವುದಿಲ್ಲ. ಕಣ್ಣು ಒಬ್ಬರು, ಕಿವಿ ಒಬ್ಬರು, ಮಿದುಳು ಒಬ್ಬರು ನೋಡಿದರೂ ಇಡೀ ಮನುಷ್ಯನನ್ನು ನೋಡುವವರು ಸಿಗುವುದು ಕಷ್ಟ.

ಹೊರನಾಡಿನ ಕನ್ನಡಿಗರಿಗೆ ಇದರ ಜೊತೆಗೆ ಭಾಷೆಯ ತೊಡಕು. ಪುಣೆಯಲ್ಲಿಯೋ ದೆಹಲಿಯಲ್ಲಿಯೋ ಬೆಳೆದ ಮಗ ಮನೆಯಲ್ಲಿ ತಾಯಿಯೊಡನೆ ಕನ್ನಡ ಮಾತನಾಡುತ್ತಾನೆ. ಆ ಕನ್ನಡವೂ ತಾಯಿಗೆ ಮಾತ್ರ ಪೂರ್ಣ ತಿಳಿಯುವಂತಹುದು. ಮರೆವಿನ ಪರೀಕ್ಷೆಯ ಪ್ರಶ್ನೆಗಳು ಹಿಂದಿಯಲ್ಲಿ, ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಉತ್ತರ ಬರದಿದ್ದಾಗ ಮರೆತುದರಿಂದ ಬರಲಿಲ್ಲವೋ, ಎಂದೂ ಗೊತ್ತಿಲ್ಲದುದರಿಂದ ಬರಲಿಲ್ಲವೋ, ಪ್ರಶ್ನೆಯೇ ತಿಳಿಯಲಿಲ್ಲವೋ ಎಂಬುದನ್ನು ವೈದ್ಯರು ಹೇಗೆ ಅರಿಯಬೇಕು? ಇಂತಹ ವ್ಯಕ್ತಿಯನ್ನು ಇತರರೊಡನೆ ಹೋಲಿಸಿ ಪ್ರಯೋಜನವಿಲ್ಲ. ಅವನನ್ನು ಅವನ ನಿನ್ನೆಯೊಡನೆ ಹೋಲಿಸಬೇಕೆಂದು ತಜ್ಞರು ಹೇಳುವುದು ಈ ಕಾರಣಕ್ಕಾಗಿ.

ಆ ನಿನ್ನೆಯನ್ನು ಬರೆದಿಡಬಲ್ಲವರು ಮನೆಯವರು ಮಾತ್ರ. ಮೂವತ್ತು ಮೂವತ್ತೈದರ ವಯಸ್ಸಿನಲ್ಲಿ, ಆರೋಗ್ಯ ಚೆನ್ನಾಗಿರುವಾಗಲೇ, ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಬೇಕು: ತಾನಾಗಿ ಸ್ನಾನ ಮಾಡುವನೇ, ಅಂಗಿಯ ಗುಂಡಿ ಹಾಕಿಕೊಳ್ಳುವನೇ, ಮನೆಯ ಎಷ್ಟು ಮಂದಿಯ ಹೆಸರು ಹೇಳುವನು, ಯಾವ ಹಾಡನ್ನು ಗುನುಗುವನು, ಬೀದಿಯ ಕೊನೆಯ ಅಂಗಡಿಗೆ ಹೋಗಿ ಮರಳುವನೇ, ರಾತ್ರಿ ಎಷ್ಟು ಹೊತ್ತು ಮಲಗುವನು. ಹುಟ್ಟಿದ ಹಬ್ಬದಂದು ವರ್ಷಕ್ಕೊಮ್ಮೆ ಅದೇ ಪ್ರಶ್ನೆಗಳಿಗೆ ಹೊಸ ಉತ್ತರ ಬರೆಯಬೇಕು. ಕೈಯಲ್ಲಿ ದೂರವಾಣಿ ಇರುವ ಈ ದಿನಗಳಲ್ಲಿ ಅವನು ಮಾತನಾಡುವ, ನಡೆಯುವ, ಚಪಾತಿ ಲಟ್ಟಿಸುವ ಕಿರುಚಿತ್ರಗಳನ್ನು ಇಟ್ಟುಕೊಂಡರೆ ಇನ್ನೂ ಒಳಿತು. ತಾಯಿಯ ನಂತರ ನೋಡಿಕೊಳ್ಳುವ ತಮ್ಮನಿಗೋ ಅಕ್ಕನಿಗೋ ಆ ಪುಸ್ತಕ ಎಲ್ಲಿದೆಯೆಂದು ತಿಳಿದಿರಬೇಕು. ಥೈರಾಯಿಡ್ ಪರೀಕ್ಷೆ ಕೊನೆಯ ಸಲ ಆದ ದಿನಾಂಕವೂ ಅದರಲ್ಲಿಯೇ ಇರಬೇಕು.